ಕಾರಿನ ಮೈಬಣ್ಣ: ಅಂದವೂ ಹೌದು, ಕವಚವೂ ಹೌದು



ಕನ್ನಡ ಪಾಠವೆಂದರೆ ಪದ್ಯ, ಗದ್ಯ, ವ್ಯಾಕರಣ ಎಂಬುದು ರೂಢಿಯ ಮಾತು. ಆದರೆ ಒಂದು ಭಾಷೆ ನಾಲಗೆಯ ಮೇಲೆ ಉಳಿಯಬೇಕಾದರೆ ಅದು ಪುಸ್ತಕದಲ್ಲಿ ಇದ್ದರಷ್ಟೇ ಸಾಲದು. ಅಡಿಗೆಮನೆಯಲ್ಲಿ, ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ಕೂಡ ಅದು ಓಡಾಡಬೇಕು. ಆದ್ದರಿಂದ ಈ ವರ್ಷದ ಸಂಚಿಕೆಗೆ ನಾವು ಆರಿಸಿಕೊಂಡಿರುವ ವಿಷಯ ಕಾರಿನ ಮೈಗೆ ಬಳಿದ ಬಣ್ಣ. ಅದನ್ನು ಹೇಗೆ ಬಳಿಯುತ್ತಾರೆ, ಏಕೆ ಕೆಡುತ್ತದೆ, ಕೆಟ್ಟ ಮೇಲೆ ಮತ್ತೆ ಹೇಗೆ ಹೊಡೆಯುತ್ತಾರೆ, ಕೆಡದಂತೆ ಹೇಗೆ ಕಾಪಾಡಬೇಕು ಎಂಬುದನ್ನು ಸರಳವಾಗಿ ತಿಳಿಯೋಣ.

ಸಿಂಗಪುರದಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಇಲ್ಲಿ ಕಾರು ಕೊಳ್ಳುವುದೆಂದರೆ ಮನೆಯ ದೊಡ್ಡ ಖರ್ಚುಗಳಲ್ಲಿ ಒಂದು. 1990ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಪದ್ಧತಿಯಂತೆ ಕಾರಿನ ಜೊತೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕುಪತ್ರವನ್ನೂ ಕೊಳ್ಳಬೇಕು. ನಾವೆಲ್ಲರೂ ಸಿ.ಓ.ಇ. ಎಂದು ಕರೆಯುವುದು ಇದನ್ನೇ. ಅದರ ಅವಧಿ ಹತ್ತು ವರ್ಷ. ಹತ್ತು ವರ್ಷ ತುಂಬುವಾಗ ಕಾರನ್ನು ನೋಂದಣಿಯಿಂದ ತೆಗೆಸಬೇಕು, ಇಲ್ಲವೇ ಹಣ ಕಟ್ಟಿ ಇನ್ನೂ ಐದು ಅಥವಾ ಹತ್ತು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅಪ್ಪ ಅಮ್ಮ ಕುಳಿತು ಲೆಕ್ಕ ಹಾಕುವ ಆ ಹೊತ್ತಿನಲ್ಲಿ ಎಂಜಿನ್ನಿನಷ್ಟೇ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕಾರಿನ ಮೈ ಗಟ್ಟಿಯಾಗಿದೆಯೇ? ಬಣ್ಣ ಮಾಸಿದ್ದು ಮೇಲಿನ ಕೊಳೆಯೋ, ಒಳಗಿನ ರೋಗವೋ? ಇದಕ್ಕೆ ಉತ್ತರ ಹೇಳಬೇಕಾದರೆ ಬಣ್ಣ ಮಾಡುವ ಕೆಲಸವೇನೆಂದು ತಿಳಿದಿರಬೇಕು.

೧. ಅರಗಿನಿಂದ ಆರಂಭ

ಕಾರು ಹುಟ್ಟುವುದಕ್ಕೆ ಬಹಳ ಮೊದಲೇ ನಮ್ಮ ನಾಡಿನವರಿಗೆ ಬಣ್ಣವನ್ನೂ ರಕ್ಷಣೆಯನ್ನೂ ಒಟ್ಟಿಗೆ ಕೊಡುವ ಒಂದು ವಸ್ತು ಗೊತ್ತಿತ್ತು. ಅದೇ ಅರಗು. ಕೆಲವು ಜಾತಿಯ ಮರಗಳ ಕೊಂಬೆಗಳ ಮೇಲೆ ವಾಸಿಸುವ ಪುಟ್ಟ ಕೀಟ ಒಸರುವ ಅಂಟು ಇದು. ಮಹಾಭಾರತದಲ್ಲಿ ದುರ್ಯೋಧನನು ಪಾಂಡವರನ್ನು ಸುಡಲೆಂದು ವಾರಣಾವತದಲ್ಲಿ ಕಟ್ಟಿಸಿದ ಅರಗಿನ ಮನೆಯ ಕಥೆ ನಿಮಗೆಲ್ಲ ಗೊತ್ತು. ಸಂಸ್ಕೃತದಲ್ಲಿ ಅರಗಿಗೆ ಲಾಕ್ಷಾ ಎಂಬ ಹೆಸರು. ಇದು ಹಿಂದಿಯಲ್ಲಿ ಲಾಖ್ ಆಯಿತು. ಪೋರ್ಚುಗೀಸ್ ಮೊದಲಾದ ಭಾಷೆಗಳನ್ನು ಹಾದು ಇಂಗ್ಲಿಷಿಗೆ ಹೋಗಿ ಲ್ಯಾಕರ್ ಎಂಬ ಪದವಾಯಿತು. ಇಂದು ಬಣ್ಣದ ಅಂಗಡಿಯಲ್ಲಿ ‘ಲ್ಯಾಕರ್’ ಎಂದು ಕೇಳುವವರು ತಮಗೆ ತಿಳಿಯದೆಯೇ ಒಂದು ಭಾರತೀಯ ಪದವನ್ನು ಆಡುತ್ತಿದ್ದಾರೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ಸಿಗುತ್ತದೆ. ಅಲ್ಲಿಯ ಗೊಂಬೆ ಕೆಲಸದವರು ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅನಂತರ ತಾಳೆ ಗರಿಯಿಂದ ಉಜ್ಜಿದರೆ ಹೊಳಪು ಏರುತ್ತದೆ. ಇಲ್ಲಿ ಬ್ರಷ್ಷಿಲ್ಲ, ಡಬ್ಬಿಯಿಲ್ಲ, ಒಣಗಿಸುವ ಕೋಣೆಯೂ ಇಲ್ಲ. ಆದರೂ ಬಣ್ಣ ಹತ್ತಿಸುವ ಕೆಲಸದ ಮೂರು ಮೂಲಪಾಠಗಳು ಇಲ್ಲಿಯೇ ಇವೆ. ಮೈ ನುಣುಪಾಗಿರಬೇಕು, ಪದರ ತೆಳ್ಳಗೆ ಸಮನಾಗಿ ಕೂರಬೇಕು, ಕೂರಿಸಲು ಶಾಖ ಬೇಕು.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಕಾರ್ಖಾನೆಯ ಹೆಸರಿನಲ್ಲಿಯೂ ಈ ಅರಗು ಇತ್ತು. ಅದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರ ಮಹಾಚುನಾವಣೆಯಿಂದ ಒದಗಿಸುತ್ತ ಬಂದಿರುವ ಸಂಸ್ಥೆ ಇದೇ. ಅದೇ ರಸ್ತೆಯ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿದೆ. ಅಲ್ಲಿ ತಯಾರಾದ ಕ್ವಾಲಿಸ್ 2000ದಲ್ಲಿ ಮಾರುಕಟ್ಟೆಗೆ ಬಂತು. ಹೀಗೆ ಅರಗಿನ ಗೊಂಬೆ, ಬಣ್ಣದ ಕಾರ್ಖಾನೆ, ಕಾರಿನ ಕಾರ್ಖಾನೆ ಮೂರೂ ಒಂದೇ ದಾರಿಯಲ್ಲಿ ಸಾಲಾಗಿ ನಿಂತಿವೆ. ರಜೆಯಲ್ಲಿ ಊರಿಗೆ ಹೋದಾಗ ಕಿಟಕಿಯಿಂದ ನೋಡುತ್ತ ಹೋಗಿ.

ಮೊದಮೊದಲ ಕಾರುಗಳಿಗೆ ಕುದುರೆ ಸಾರೋಟಿಗೆ ಬಳಿದಂತೆ ಕೈಯಿಂದಲೇ ವಾರ್ನಿಷ್ ಬಳಿಯುತ್ತಿದ್ದರು. ಒಂದೊಂದು ಪದರವೂ ಒಣಗಿ ಕೆಲಸ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು, ಏಕೆಂದರೆ ಆ ಕಪ್ಪು ಬಣ್ಣ ಅಗ್ಗವೂ ಆಗಿತ್ತು, ಗಟ್ಟಿಯೂ ಆಗಿತ್ತು. ಹತ್ತಿಯಂಥ ಸಸ್ಯದ ನಾರಿನಿಂದ ತಯಾರಿಸಿದ, ಬೇಗ ಒಣಗುವ ಡ್ಯುಕೋ ಎಂಬ ಲ್ಯಾಕರ್ ಬಂದು 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ನೀಲಿ ಬಣ್ಣ ಕೊಟ್ಟ ಮೇಲೆ ರಸ್ತೆಗಳು ಬಣ್ಣಬಣ್ಣವಾದವು.

೨. ಶತ್ರು ಯಾರು?

ಕಾರಿನ ಮೈ ಹೆಚ್ಚಾಗಿ ಉಕ್ಕಿನ ತಗಡು. ಅದರ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಉಕ್ಕಿನಲ್ಲಿರುವುದು ಕಬ್ಬಿಣ. ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದರೆ ತುಕ್ಕು ಹಿಡಿಯುತ್ತದೆ. ಎರಡರಲ್ಲಿ ಒಂದನ್ನು ತಡೆದರೂ ತುಕ್ಕಿಲ್ಲ. ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮನೆಯ ಕಿಟಕಿ ಸರಳುಗಳೇ ಅವರಿಗೆ ಪಾಠ ಹೇಳಿವೆ.

ತುಕ್ಕಿನ ಒಂದು ಗುಣವನ್ನು ಚೆನ್ನಾಗಿ ನೆನಪಿಡಿ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಬಣ್ಣದ ಅಡಿಯಲ್ಲಿ ತುಕ್ಕು ಹುಟ್ಟಿದರೆ ಅದು ಬಣ್ಣವನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಸೆಕೆಬೊಕ್ಕೆಯಂತೆ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ಒಡೆದರೆ ನೀರು ಒಳಗೆ ಹೋಗುತ್ತದೆ, ಇನ್ನಷ್ಟು ತುಕ್ಕಾಗುತ್ತದೆ, ಇನ್ನಷ್ಟು ಬಣ್ಣ ಏಳುತ್ತದೆ. ತಾಮ್ರ, ಹಿತ್ತಾಳೆಗಳ ಮೇಲಿನ ಕಿಲುಬು ಹೀಗೆ ಒಳಕ್ಕೆ ಕೊರೆಯುತ್ತ ಹೋಗುವುದಿಲ್ಲ. ಅದಕ್ಕೇ ಅಜ್ಜಿಯ ಹಂಡೆ ನೂರು ವರ್ಷ ಬಾಳುತ್ತದೆ, ಕಬ್ಬಿಣದ ಬಾಲ್ದಿ ತಳ ತೂತಾಗುತ್ತದೆ.

೩. ಕಾರ್ಖಾನೆಯಲ್ಲಿ ಕಾರು ತೊಡುವ ಬಟ್ಟೆಗಳು

ಹೊರಗಿನಿಂದ ನೋಡಿದರೆ ಬಣ್ಣ ಒಂದೇ ಪದರ. ನಿಜವಾಗಿ ಅದು ಒಂದರ ಮೇಲೊಂದು ತೊಟ್ಟ ಬಟ್ಟೆಗಳಂತೆ. ಒಳಗಿನಿಂದ ಹೊರಕ್ಕೆ ಎಣಿಸೋಣ.

ಮೊದಲನೆಯದು ಸತುವಿನ ಲೇಪ. ಈಗಿನ ಬಹಳಷ್ಟು ಕಾರುಗಳ ತಗಡಿಗೆ ಸತು ಹಚ್ಚಿರುತ್ತಾರೆ. ಹಿಂದೆ ಬೀದಿಯಲ್ಲಿ ಕೂಗುತ್ತ ಬಂದು ಹಿತ್ತಾಳೆ ಪಾತ್ರೆಗಳಿಗೆ ತವರ ಹಚ್ಚುತ್ತಿದ್ದ ಕಲಾಯಿಯವರನ್ನು ಪೋಷಕರು ನೆನಪಿಸಿಕೊಳ್ಳಬಹುದು. ಇದೂ ಅಂಥದೇ ಕೆಲಸ, ಲೋಹ ಬೇರೆ. ಸತುವಿಗೆ ಒಂದು ದೊಡ್ಡ ಗುಣವಿದೆ. ತಗಡಿಗೆ ಗೀರು ಬಿದ್ದಾಗ ಸತು ಮೊದಲು ತಾನು ಸವೆದು ಪಕ್ಕದ ಕಬ್ಬಿಣವನ್ನು ಉಳಿಸುತ್ತದೆ.

ಎರಡನೆಯದು ಫಾಸ್ಫೇಟ್ ಲೇಪ. ಇದು ಬಹಳ ತೆಳು. ಬಣ್ಣ ಹಿಡಿದುಕೊಳ್ಳಲು ಬೇಕಾದ ಒರಟನ್ನು ಇದು ಕೊಡುತ್ತದೆ.

ಮೂರನೆಯದು ವಿದ್ಯುತ್ ಲೇಪ. ಮೆಣಸಿನಕಾಯಿಯನ್ನು ಬಜ್ಜಿ ಹಿಟ್ಟಿನಲ್ಲಿ ಅದ್ದುವಂತೆ ಇಡೀ ಕಾರಿನ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದುತ್ತಾರೆ. ಕಾರಿನ ಮೈಗೆ ಋಣ ವಿದ್ಯುತ್ತು, ಬಣ್ಣದ ಕಣಗಳಿಗೆ ಧನ ವಿದ್ಯುತ್ತು. ಕಣಗಳು ತಾವಾಗಿಯೇ ಹೋಗಿ ತಗಡಿಗೆ ಅಂಟುತ್ತವೆ. ಒಂದು ಕಡೆ ಪದರ ಕೂತ ಮೇಲೆ ಅಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ. ಆಗ ಕಣಗಳು ಇನ್ನೂ ಬತ್ತಲೆಯಾಗಿರುವ ಸಂದುಗೊಂದುಗಳನ್ನು ಹುಡುಕಿಕೊಂಡು ಹೋಗುತ್ತವೆ. ಬ್ರಷ್ಷಾಗಲಿ ಪಿಚಕಾರಿಯಾಗಲಿ ತಲುಪಲಾರದ ಜಾಗಕ್ಕೂ ರಕ್ಷಣೆ ಸಿಗುವುದು ಹೀಗೆ. ಆಮೇಲೆ ದೊಡ್ಡ ಒಲೆಯಲ್ಲಿ ಸುಮಾರು 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ.

ನಾಲ್ಕನೆಯದು ಪ್ರೈಮರ್. ಸಣ್ಣಪುಟ್ಟ ಒರಟನ್ನು ಮುಚ್ಚಿ ಮೈಯನ್ನು ನುಣುಪು ಮಾಡುವುದು ಇದರ ಕೆಲಸ.

ಐದನೆಯದು ನಮ್ಮ ಕಣ್ಣಿಗೆ ಕಾಣುವ ಬಣ್ಣದ ಪದರ. ಬೆಳ್ಳಿ ಬಣ್ಣದಂಥ ಹೊಳೆಯುವ ಬಣ್ಣಗಳಲ್ಲಿ ಅಲ್ಯೂಮಿನಿಯಂನ ಸಣ್ಣ ಚಕ್ಕೆಗಳಿರುತ್ತವೆ.

ಆರನೆಯದು, ಎಲ್ಲಕ್ಕಿಂತ ಮೇಲಿನದು, ಪಾರದರ್ಶಕ ಪದರ. ಗ್ಯಾರೇಜಿನಲ್ಲಿ ಇದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಕೊಡುವುದೂ ಇದೇ, ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವುದೂ ಇದೇ. ಇದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂದರೆ ಕಾರಿನ ಹೊಳಪೆಲ್ಲ ನಿಂತಿರುವುದು ಒಂದು ಕೂದಲೆಳೆಗಿಂತ ತೆಳುವಾದ ಪದರದ ಮೇಲೆ! ಬಣ್ಣದ ಎಲ್ಲ ಪದರಗಳೂ ಸೇರಿದರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಅಷ್ಟೇ.

೪. ಸಿಂಗಪುರದ ಬಿಸಿಲು, ಮಳೆ, ಹಕ್ಕಿ

ಚಳಿ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಕಾರಿನ ತಳವನ್ನು ತಿನ್ನುತ್ತದೆ. ಸಿಂಗಪುರದಲ್ಲಿ ಆ ಕಾಟವಿಲ್ಲ. ಆದರೆ ಇಲ್ಲಿಯ ಕಾಟ ಬೇರೆ. ಭೂಮಧ್ಯರೇಖೆಯಿಂದ ಇದು 140 ಕಿಲೋಮೀಟರ್ ದೂರವೂ ಇಲ್ಲ. ವರ್ಷವಿಡೀ ಸೂರ್ಯ ನೆತ್ತಿಯ ಹತ್ತಿರವೇ ಇರುತ್ತಾನೆ. ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿಯಲ್ಲಿ ಸದಾ ತೇವ. ಸುತ್ತಲೂ ಸಮುದ್ರ.

ಬಿಸಿಲಿನ ನೇರಳಾತೀತ ಕಿರಣಗಳು ಪಾರದರ್ಶಕ ಪದರವನ್ನು ವರ್ಷಾನುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಒಡೆಯುತ್ತವೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಮಂಜು ಕವಿದಂತಾಗುತ್ತದೆ, ಕೊನೆಗೆ ಬಿಸಿಲಿಗೆ ಸುಟ್ಟ ಚರ್ಮದಂತೆ ಸಿಪ್ಪೆ ಏಳುತ್ತದೆ. ಇದು ಮೊದಲು ಕಾಣುವುದು ಬಿಸಿಲು ನೇರವಾಗಿ ಬೀಳುವ ಮಾಡು ಮತ್ತು ಬಾನೆಟ್ ಮೇಲೆ. ಬಹುಮಹಡಿ ನಿಲ್ದಾಣದ ಮೇಲ್ಛಾವಣಿಯಲ್ಲಿ ನಿಲ್ಲುವ ಕಾರಿಗೂ ಕೆಳಗಿನ ನೆರಳಿನಲ್ಲಿ ನಿಲ್ಲುವ ಕಾರಿಗೂ ಕೆಲವೇ ವರ್ಷಗಳಲ್ಲಿ ವ್ಯತ್ಯಾಸ ಕಾಣುತ್ತದೆ. ವಿದ್ಯಾರ್ಥಿಗಳು ತಮ್ಮ ಬ್ಲಾಕಿನ ನಿಲ್ದಾಣದಲ್ಲಿಯೇ ಇದನ್ನು ಗಮನಿಸಬಹುದು.

ನೆರಳೆಂದು ಮರದ ಕೆಳಗೆ ನಿಲ್ಲಿಸಿದರೆ ಇನ್ನೊಂದು ತೊಂದರೆ. ಮರದ ಅಂಟು ಬೀಳುತ್ತದೆ. ಗೊರವಂಕ, ಕೋಗಿಲೆಗಳ ಹಿಕ್ಕೆ ಬೀಳುತ್ತದೆ. ಹಿಕ್ಕೆ ಏಕೆ ಕಲೆ ಬಿಡುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಬಿಸಿಲಿಗೆ ಪಾರದರ್ಶಕ ಪದರ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ. ಅದೇ ಹೊತ್ತಿನಲ್ಲಿ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದಾಗ ಪದರ ಕುಗ್ಗುತ್ತ ಹಿಕ್ಕೆಯ ಒರಟು ಆಕಾರಕ್ಕೇ ಅಚ್ಚು ಒತ್ತಿದಂತೆ ಕೂತುಬಿಡುತ್ತದೆ. ಮರುದಿನ ಎಷ್ಟು ತೊಳೆದರೂ ಮಂಕು ಕಲೆ ಉಳಿಯುತ್ತದೆ. ಆದ್ದರಿಂದ ಹಿಕ್ಕೆಯನ್ನು ಅಂದೇ, ಆದಷ್ಟು ಬೇಗ ತೆಗೆಯಬೇಕು. ಒಣಗಿದ್ದರೆ ಕೆರೆಯಬಾರದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಹಾಸಿ, ನೆನೆದ ಮೇಲೆ ಮೆಲ್ಲಗೆ ಎತ್ತಬೇಕು.

೫. ಮತ್ತೆ ಬಣ್ಣ ಹೊಡೆಯುವುದು

ಬೆಂಗಳೂರಿನ ಗ್ಯಾರೇಜುಗಳ ಫಲಕದಲ್ಲಿ ‘ಟಿಂಕರಿಂಗ್ ಮತ್ತು ಪೇಂಟಿಂಗ್’ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಅದರಲ್ಲಿಯೇ ಕೆಲಸದ ಕ್ರಮವಿದೆ. ತಗಡಿನ ಕೆಲಸ ಮೊದಲು, ಬಣ್ಣ ಆಮೇಲೆ. ಊರು ಯಾವುದೇ ಇರಲಿ, ಒಳ್ಳೆಯ ಕೆಲಸ ಈ ಕ್ರಮದಲ್ಲಿಯೇ ನಡೆಯುತ್ತದೆ.

ಮೊದಲು ಕಾರನ್ನು ತೊಳೆದು ಮೇಣ, ಜಿಡ್ಡುಗಳನ್ನು ಪೂರ್ತಿ ತೆಗೆಯುತ್ತಾರೆ. ಜಿಡ್ಡಿನ ಮೇಲೆ ಬಣ್ಣ ನಿಲ್ಲದು. ಆಮೇಲೆ ತಗ್ಗು ಬಿದ್ದ ತಗಡನ್ನು ಬಡಿದು ಎತ್ತಿ ಸಮ ಮಾಡುತ್ತಾರೆ. ತುಕ್ಕಿರುವ ಕಡೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜುತ್ತಾರೆ. ತಗಡು ತೂತಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು.

ಉಳಿದ ಸಣ್ಣ ತಗ್ಗುಗಳಿಗೆ ಪುಟ್ಟಿ ತುಂಬುತ್ತಾರೆ. ಪುಟ್ಟಿ ಗಟ್ಟಿಯಾದ ಮೇಲೆ ಉಪ್ಪು ಕಾಗದದಿಂದ ಉಜ್ಜುವುದು. ಉಪ್ಪು ಕಾಗದಕ್ಕೆ ಸಂಖ್ಯೆಗಳಿವೆ. ಸಂಖ್ಯೆ ಚಿಕ್ಕದಾದಷ್ಟೂ ಒರಟು, ದೊಡ್ಡದಾದಷ್ಟೂ ನುಣುಪು. 80ರಲ್ಲಿ ಆರಂಭಿಸಿ ಹಂತ ಹಂತವಾಗಿ ಮೇಲೆ ಹೋಗುತ್ತಾರೆ. ಅನಂತರ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ 400 ಅಥವಾ 600ರ ಕಾಗದದಿಂದ ಮತ್ತೆ ಉಜ್ಜುತ್ತಾರೆ. ಗಾಜು, ದೀಪ, ರಬ್ಬರುಗಳಿಗೆ ಕಾಗದ ಮತ್ತು ಟೇಪು ಅಂಟಿಸಿ ಮರೆ ಮಾಡುತ್ತಾರೆ. ಬಣ್ಣ ಹೊಡೆಯುವ ಕೆಲಸದಲ್ಲಿ ಹೆಚ್ಚಿನ ಸಮಯ ಹೋಗುವುದು ಈ ಸಿದ್ಧತೆಯಲ್ಲಿಯೇ. ಪರೀಕ್ಷೆ ಬರೆಯುವುದು ಮೂರು ಗಂಟೆ, ಓದುವುದು ಮೂರು ತಿಂಗಳು ಅಲ್ಲವೇ, ಹಾಗೆ.

ಬಣ್ಣ ಹೊಡೆಯುವುದು ಧೂಳಿಲ್ಲದ ಮುಚ್ಚಿದ ಕೋಣೆಯಲ್ಲಿ. ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹೊಡೆದು, ನಡುವೆ ಆರಲು ಬಿಟ್ಟು, ಕೊನೆಗೆ ಪಾರದರ್ಶಕ ಪದರ ಹೊಡೆಯುತ್ತಾರೆ. ಆಮೇಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಯಷ್ಟು ಕಾಯಿಸುತ್ತಾರೆ. ಕಾರ್ಖಾನೆಯಲ್ಲಿ 160 ಡಿಗ್ರಿ, ಇಲ್ಲಿ 60 ಡಿಗ್ರಿ ಮಾತ್ರ ಏಕೆ? ಕಾರ್ಖಾನೆಯಲ್ಲಿ ಒಲೆಗೆ ಹೋಗುವುದು ಬರಿ ತಗಡಿನ ಮೈ. ಗ್ಯಾರೇಜಿಗೆ ಬರುವ ಕಾರಿನಲ್ಲಿ ಪ್ಲಾಸ್ಟಿಕ್, ರಬ್ಬರ್, ಸೀಟು, ವಿದ್ಯುತ್ ತಂತಿ ಎಲ್ಲವೂ ಇರುತ್ತವೆ. ಅಷ್ಟು ಶಾಖ ಕೊಟ್ಟರೆ ಅವು ಕೆಡುತ್ತವೆ. ಆದ್ದರಿಂದ ಇಲ್ಲಿ ಬಣ್ಣಕ್ಕೆ ಗಟ್ಟಿಗೊಳಿಸುವ ರಾಸಾಯನಿಕವೊಂದನ್ನು ಬೆರೆಸುತ್ತಾರೆ. ಶಾಖ ಮಾಡಬೇಕಾದ ಕೆಲಸದ ಪಾಲನ್ನು ಅದು ಮಾಡುತ್ತದೆ.

ಬಣ್ಣ ಕೂಡಿಸುವುದು ಇನ್ನೊಂದು ಕಲೆ. ಪ್ರತಿ ಕಾರಿಗೂ ಬಣ್ಣದ ಸಂಕೇತ ಸಂಖ್ಯೆಯಿರುತ್ತದೆ. ಸಾಮಾನ್ಯವಾಗಿ ಬಾಗಿಲಿನ ಚೌಕಟ್ಟಿನಲ್ಲಿಯೋ ಬಾನೆಟ್ಟಿನ ಕೆಳಗೋ ಇರುವ ಫಲಕದಲ್ಲಿ ಅದು ಸಿಗುತ್ತದೆ. ಆದರೆ ಎಂಟು ವರ್ಷ ಬಿಸಿಲು ಕಂಡ ಕಾರಿನ ಬಣ್ಣ ಆ ಸಂಖ್ಯೆಯ ಹೊಸ ಬಣ್ಣದಂತಿರುವುದಿಲ್ಲ. ನುರಿತ ಕೆಲಸಗಾರರು ಕಣ್ಣಂದಾಜಿನಲ್ಲಿ ಬಣ್ಣವನ್ನು ತಿದ್ದಿ, ಪಕ್ಕದ ಬಾಗಿಲಿನವರೆಗೂ ತೆಳುವಾಗಿ ಹರಡಿ ಗೆರೆ ಕಾಣದಂತೆ ಬೆರೆಸುತ್ತಾರೆ. ಬೆಳ್ಳಿ ಬಣ್ಣ ಇದರಲ್ಲಿ ಅತಿ ಕಷ್ಟದ್ದು. ಅದರೊಳಗಿನ ಚಕ್ಕೆಗಳು ಮಲಗುವ ರೀತಿ ಬೇರೆಯಾದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ.

ಬಣ್ಣವನ್ನೇ ಬದಲಿಸಿ ಕೆಂಪು ಕಾರನ್ನು ನೀಲಿ ಮಾಡಿಸಿದರೆ ಸಿಂಗಪುರದ ಭೂ ಸಾರಿಗೆ ಪ್ರಾಧಿಕಾರದ ದಾಖಲೆಯಲ್ಲಿಯೂ ಅದನ್ನು ಬದಲಿಸಬೇಕು. ಊರಿನಲ್ಲಿಯೂ ಅಷ್ಟೇ, ಆರ್.ಸಿ. ಪುಸ್ತಕದಲ್ಲಿ ವಾಹನದ ಬಣ್ಣ ನಮೂದಾಗಿರುತ್ತದೆ.

೬. ಅರಗಿನ ಮನೆ ಆಗದಿರಲಿ

ಈಗ ಮುಖ್ಯವಾದ ಮಾತು. ಅರಗಿನ ಮನೆ ಹೊರಗೆ ಅರಮನೆ, ಒಳಗೆ ಅರಗು. ಕಾರಿನಲ್ಲಿಯೂ ಹೀಗೆ ಮಾಡಲು ಸಾಧ್ಯವಿದೆ. ತುಕ್ಕನ್ನು ತೆಗೆಯದೆ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕೆಲವು ತಿಂಗಳು ಕಾರು ಹೊಸದರಂತೆ ಹೊಳೆಯುತ್ತದೆ. ಅಡಿಯಲ್ಲಿ ತುಕ್ಕು ತನ್ನ ಕೆಲಸವನ್ನು ಮುಂದುವರಿಸಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹಳೆಯ ಕಾರು ಕೊಳ್ಳುವವರಿಗೆ ಬಹಳ ಉಪಯೋಗಿ. ಬಾಗಿಲಿನ ಕೆಳಗಿನ ಹೊಸ್ತಿಲಿನಂಥ ಭಾಗ, ಚಕ್ರದ ಮೇಲಿನ ಕಮಾನು, ತಳ ಇವು ಬರಿಯ ಅಲಂಕಾರವಲ್ಲ. ಅಪಘಾತವಾದರೆ ಒಳಗೆ ಕುಳಿತವರನ್ನು ಕಾಯುವ ಚೌಕಟ್ಟಿನ ಅಂಗಗಳು ಅಲ್ಲಿವೆ. ಅಲ್ಲಿ ಮುಚ್ಚಿಟ್ಟ ತುಕ್ಕು ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಪರೀಕ್ಷಿಸಲು ಸುಲಭ ಉಪಾಯವಿದೆ. ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಆಯಸ್ಕಾಂತವನ್ನು ಮೆತ್ತನೆಯ ತೆಳು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಗೆ ಹಿಡಿದು ನೋಡಿ. ಉಕ್ಕಿನ ತಗಡಿಗೆ ಅದು ಗಟ್ಟಿಯಾಗಿ ಹಿಡಿಯುತ್ತದೆ. ಪುಟ್ಟಿ ದಪ್ಪವಾಗಿರುವ ಕಡೆ ಹಿಡಿತ ಸಡಿಲವಾಗುತ್ತದೆ. ಕೆಲವು ಕಾರುಗಳಲ್ಲಿ ಬಂಪರ್ ಪ್ಲಾಸ್ಟಿಕ್ಕಿನದು, ಬಾನೆಟ್ ಅಲ್ಯೂಮಿನಿಯಂನದು ಇರುತ್ತದೆ. ಅಲ್ಲಿ ಆಯಸ್ಕಾಂತ ಹಿಡಿಯದಿದ್ದರೆ ಗಾಬರಿ ಬೇಡ. ಪುಟ್ಟಿ ಇದ್ದಮಾತ್ರಕ್ಕೆ ಮೋಸವೆಂದೂ ಅಲ್ಲ. ತೆಳುವಾದ ಪುಟ್ಟಿ ಒಳ್ಳೆಯ ಕೆಲಸದ ಭಾಗವೇ. ಕೇಳಬೇಕಾದ ಪ್ರಶ್ನೆಯೆಂದರೆ, ಅದರ ಅಡಿಯಲ್ಲಿ ಏನಿತ್ತು?

ಹಾಗಾದರೆ ಕಾರಿನ ಹತ್ತನೆಯ ವರ್ಷದಲ್ಲಿ ಏನು ಮಾಡಬೇಕು? ನಮ್ಮ ಸಲಹೆ ಇಷ್ಟು. ಬಣ್ಣ ಮಾಸಿದೆ, ಗುಳ್ಳೆಯಿಲ್ಲ, ತುಕ್ಕಿಲ್ಲ ಎಂದಾದರೆ ಮೊದಲು ಪಾಲಿಷ್ ಮಾಡಿಸಿ ನೋಡಬಹುದು. ಕ್ಲಿಯರ್ ಕೋಟ್ ಸಿಪ್ಪೆ ಎದ್ದಿದ್ದರೆ ಪಾಲಿಷ್‌ನಿಂದ ಪ್ರಯೋಜನವಿಲ್ಲ, ಆ ಭಾಗಕ್ಕೆ ಬಣ್ಣ ಹೊಡೆಸಬೇಕು. ಗುಳ್ಳೆ ಎದ್ದಿದ್ದರೆ ಬಣ್ಣದ ಮಾತು ಆಮೇಲೆ, ತಗಡಿನ ಮಾತು ಮೊದಲು. ಕಾರನ್ನು ನೋಂದಣಿಯಿಂದ ತೆಗೆಸುವುದೇ ನಿರ್ಧಾರವಾಗಿದ್ದರೆ ಅಂದಕ್ಕಾಗಿ ಬಣ್ಣ ಹೊಡೆಸುವುದು ದುಂದುವೆಚ್ಚ. ಉಳಿಸಿಕೊಳ್ಳುವುದಾದರೆ ತುಕ್ಕಿಗೆ ಖರ್ಚು ಮಾಡಿ, ಹೊಳಪಿಗೆ ಆಮೇಲೆ. ಹತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ಪ್ರತಿ ವರ್ಷವೂ ತಪಾಸಣೆಯಿರುತ್ತದೆ ಎಂಬುದೂ ನೆನಪಿರಲಿ.

೭. ಬಣ್ಣದ ಹಿಂದಿನ ಉಸಿರು

ಮೇಲೆ ಹೇಳಿದ ಗಟ್ಟಿಗೊಳಿಸುವ ರಾಸಾಯನಿಕಗಳಲ್ಲಿ ಐಸೋಸಯನೇಟ್ ಎಂಬ ಜಾತಿಯವು ಇರುತ್ತವೆ. ಬಣ್ಣ ಹೊಡೆಯುವಾಗ ಏಳುವ ಮಂಜನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಹಾನಿ. ಬಣ್ಣ ಹೊಡೆಯುವ ಕೆಲಸಗಾರರಿಗೆ ಆಸ್ತಮಾ ತರುವ ಕಾರಣಗಳಲ್ಲಿ ಇದು ಹೆಸರುವಾಸಿ. ಒಮ್ಮೆ ದೇಹಕ್ಕೆ ಇದು ಒಗ್ಗದಂತಾದರೆ ಆಮೇಲೆ ಬಹಳ ಸ್ವಲ್ಪ ತಗುಲಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ ಧೂಳಿನ ಮುಖಗವಸಾಗಲಿ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ, ಗಾಳಿ ಎಳೆಯುವ ಕೋಣೆ, ಕೈಗವಸು ಎಲ್ಲವೂ ಬೇಕು.

ಆದ್ದರಿಂದ ಪೋಷಕರೇ, ಗ್ಯಾರೇಜು ಆರಿಸುವಾಗ ಬೆಲೆಯ ಜೊತೆಗೆ ಇದನ್ನೂ ನೋಡಿ. ಬಯಲಿನಲ್ಲಿಯೇ ಬಣ್ಣ ಹೊಡೆಯುತ್ತಿದ್ದರೆ, ಕೆಲಸದವರ ಮುಖಕ್ಕೆ ಸರಿಯಾದ ರಕ್ಷಣೆ ಇಲ್ಲದಿದ್ದರೆ, ಅಲ್ಲಿಯ ಅಗ್ಗದ ಬೆಲೆಯ ಒಂದು ಪಾಲನ್ನು ಬೇರೆ ಯಾರೋ ತಮ್ಮ ಎದೆಗೂಡಿನಿಂದ ಕೊಡುತ್ತಿದ್ದಾರೆ. ಆ ಕೆಲಸದವರೂ ನಮ್ಮಂತೆಯೇ ದೂರದ ಊರಿನಿಂದ ದುಡಿಯಲು ಬಂದವರಾಗಿರಬಹುದು. ಮಕ್ಕಳನ್ನು ಬಣ್ಣ ಹೊಡೆಯುವ ಜಾಗಕ್ಕೆ ಕರೆದುಕೊಂಡು ಹೋಗಬೇಡಿ.

೮. ಕಾಪಾಡುವ ಕ್ರಮ

ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಇವುಗಳಲ್ಲಿ ಬಹಳಷ್ಟನ್ನು ಮಕ್ಕಳೂ ದೊಡ್ಡವರ ಜೊತೆ ಮಾಡಬಹುದು.

ಕಾರನ್ನು ನೆರಳಿನಲ್ಲಿ, ಮೈ ತಣ್ಣಗಿರುವಾಗ ತೊಳೆಯಿರಿ. ಬಿಸಿಲಿನಲ್ಲಿ ತೊಳೆದರೆ ನೀರು ಒಣಗಿ ಅದರ ಲವಣದ ಬಿಳಿ ಚುಕ್ಕಿಗಳು ಉಳಿಯುತ್ತವೆ.

ಎರಡು ಬಾಲ್ದಿ ಇಟ್ಟುಕೊಳ್ಳಿ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿ ನೀರು. ಒಂದೇ ಬಾಲ್ದಿಯಾದರೆ ಮರಳಿನ ಕಣಗಳು ಮತ್ತೆ ಬಟ್ಟೆಗೆ ಹತ್ತಿ ಉಪ್ಪು ಕಾಗದದಂತೆ ಗೀರುತ್ತವೆ.

ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಹೆಚ್ಚು ಮಣ್ಣಿರುವುದು ಕೆಳಗೆ.

ಪಾತ್ರೆ ತೊಳೆಯುವ ಸೋಪು ಬೇಡ. ಅದು ಜಿಡ್ಡಿನ ಜೊತೆ ಮೇಣದ ರಕ್ಷಣೆಯನ್ನೂ ತೆಗೆಯುತ್ತದೆ. ಕಾರಿಗೆಂದೇ ಇರುವ ಶಾಂಪೂ ಸಾಕು.

ತೊಳೆಯಲು ನಿಗದಿಯಾದ ಜಾಗದಲ್ಲಿಯೇ ತೊಳೆಯಿರಿ. ಈ ದ್ವೀಪದ ಮೂರನೆಯ ಎರಡು ಪಾಲು ನೆಲ ಜಲಾಶಯಗಳಿಗೆ ಮಳೆನೀರು ಕೂಡಿಸುವ ಪ್ರದೇಶ. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಬಿಟ್ಟ ಸೋಪು, ಎಣ್ಣೆಗಳು ನಾವೇ ಕುಡಿಯುವ ನೀರಿನ ಕಡೆಗೆ ಹೋಗುತ್ತವೆ. 2008ರಲ್ಲಿ ತೆರೆದ ಮರೀನಾ ಬ್ಯಾರೇಜಿನ ಹಿಂದೆ ನಿಂತಿರುವುದು ನಗರದ ನಡುವಿನಿಂದ ಹರಿದು ಬಂದ ನೀರೇ.

ಕೆಲವು ತಿಂಗಳಿಗೊಮ್ಮೆ ಮೇಣ ಹಚ್ಚಿ. ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬ ಮೇಣ ಹೆಸರಾದದ್ದು. ಚನ್ನಪಟ್ಟಣದ ಗೊಂಬೆಗೂ ಗರಿಯಿಂದಲೇ ಹೊಳಪು, ಕಾರಿಗೂ ಎಲೆಯಿಂದಲೇ ಹೊಳಪು! ಹೊಸದಾಗಿ ಬಣ್ಣ ಹೊಡೆದ ಕಾರಿಗೆ ಮಾತ್ರ ಒಂದು ತಿಂಗಳಾದರೂ ಮೇಣ ಬೇಡ. ಬಣ್ಣ ಪೂರ್ತಿ ಗಟ್ಟಿಯಾಗಲು ಅಷ್ಟು ಸಮಯ ಬೇಕು. ಗ್ಯಾರೇಜಿನವರು ಹೇಳಿದ ಅವಧಿಯನ್ನು ಪಾಲಿಸಿ.

ಪಾಲಿಷ್ ಬೇರೆ, ಮೇಣ ಬೇರೆ. ಮೇಣ ಪದರವನ್ನು ಸೇರಿಸುತ್ತದೆ, ಪಾಲಿಷ್ ಪದರವನ್ನು ಸವೆಸುತ್ತದೆ. ಗೀರು ಮಾಯವಾಗುವುದು ಅದರ ಸುತ್ತಲಿನ ಕ್ಲಿಯರ್ ಕೋಟ್ ತೆಳುವಾಗುವುದರಿಂದಲೇ. ಪದೇ ಪದೇ ಪಾಲಿಷ್ ಮಾಡಿಸುವುದು ಕವಚವನ್ನು ತೆಳ್ಳಗೆ ಮಾಡಿದಂತೆ.

ಸೆರಾಮಿಕ್ ಲೇಪ ನೀರು, ಕೊಳೆ ನಿಲ್ಲದಂತೆ ಮಾಡುತ್ತದೆ. ಕಲ್ಲು ಸಿಡಿದು ಬಣ್ಣ ಎಗರುವುದನ್ನು ಅದು ತಡೆಯಲಾರದು. ಅದಕ್ಕೆ ಬೇಕಾದದ್ದು ದಪ್ಪನೆಯ ಪಾರದರ್ಶಕ ಹಾಳೆ. ಪುಸ್ತಕಕ್ಕೆ ಹೊದಿಕೆ ಹಾಕಿದಂತೆ ಅದನ್ನು ಅಂಟಿಸುತ್ತಾರೆ.

ಕಲ್ಲು ಸಿಡಿದು ಲೋಹ ಕಂಡರೆ ಕೂಡಲೇ ಆ ಚುಕ್ಕಿಗೆ ಬಣ್ಣ ಮುಟ್ಟಿಸಿ. ಇಂದು ಸಾಸಿವೆಯಷ್ಟಿರುವುದು ನಾಳೆ ಅಂಗೈಯಷ್ಟಾಗುತ್ತದೆ.

೯. ಮಾಡಿ ನೋಡಿ

ಪ್ರಯೋಗ ಒಂದು: ನಾಲ್ಕು ಗಾಜಿನ ಲೋಟ, ನಾಲ್ಕು ಹೊಸ ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಒಂದನೆಯ ಲೋಟದಲ್ಲಿ ಒಣ ಮೊಳೆ, ಎರಡನೆಯದರಲ್ಲಿ ಅರ್ಧ ಮುಳುಗುವಷ್ಟು ನೀರು, ಮೂರನೆಯದರಲ್ಲಿ ಅಷ್ಟೇ ಉಪ್ಪು ನೀರು, ನಾಲ್ಕನೆಯದರಲ್ಲಿ ಪೂರ್ತಿ ಉಗುರುಬಣ್ಣ ಬಳಿದು ಒಣಗಿಸಿದ ಮೊಳೆ ಮತ್ತು ಉಪ್ಪು ನೀರು. ಒಂದು ವಾರ ದಿನವೂ ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದಿಡಿ. ಆಮೇಲೆ ಇನ್ನೊಂದು ಬಣ್ಣದ ಮೊಳೆಗೆ ಸೂಜಿಯಿಂದ ಒಂದು ಗೀರು ಎಳೆದು ಮತ್ತೆ ಪರೀಕ್ಷಿಸಿ. ಸೂಜಿ ಹಿಡಿಯುವಾಗ ದೊಡ್ಡವರು ಜೊತೆಗಿರಲಿ.

ಪ್ರಯೋಗ ಎರಡು: ತೊಳೆದ ಕಾರಿನ ಮೇಲೆ ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲಿನ ಹನಿಯಂತೆ ದುಂಡಗೆ ನಿಂತರೆ ಮೇಣ ಇನ್ನೂ ಇದೆ. ಹಾಳೆಯಂತೆ ಹರಡಿದರೆ ಮತ್ತೆ ಹಚ್ಚುವ ಕಾಲ ಬಂದಿದೆ.

ಪದ ಪರಿಚಯ

ಬಣ್ಣ: ಸಂಸ್ಕೃತದ ‘ವರ್ಣ’ ಪದದ ತದ್ಭವ.
ಅರಗು: ನಾಮಪದವಾದರೆ ಮರದ ಮೇಲಿನ ಕೀಟದ ಅಂಟು, ಕ್ರಿಯಾಪದವಾದರೆ ಜೀರ್ಣವಾಗು. ಉದಾಹರಣೆ: ಊಟ ಅರಗಿತು.
ಕಲಾಯಿ: ಪಾತ್ರೆಗೆ ಹಚ್ಚುವ ತವರದ ಲೇಪ.
ತುಕ್ಕು: ಕಬ್ಬಿಣಕ್ಕೆ ಹಿಡಿಯುವುದು. ಕಿಲುಬು: ತಾಮ್ರ, ಹಿತ್ತಾಳೆಗೆ ಹಿಡಿಯುವುದು.
ಉಪ್ಪು ಕಾಗದ: ಉಜ್ಜಿ ನುಣುಪು ಮಾಡುವ ಒರಟು ಕಾಗದ. ಉಪ್ಪಿನಂಥ ಹರಳು ಮೈಯಿಂದ ಈ ಹೆಸರು.

ಅಭ್ಯಾಸ

೧. ತುಕ್ಕು ಹಿಡಿಯಲು ಬೇಕಾದ ಎರಡು ವಸ್ತುಗಳು ಯಾವುವು?
೨. ಗ್ಯಾರೇಜಿನಲ್ಲಿ ಕಾ‍ರ್ಖಾನೆಯಷ್ಟು ಶಾಖ ಕೊಡುವುದಿಲ್ಲ, ಏಕೆ?
೩. ಒಂದು ಕಾರಿನ ಕ್ಲಿಯರ್ ಕೋಟ್ 45 ಮೈಕ್ರಾನ್ ಇದೆ. ಪ್ರತಿ ಪಾಲಿಷ್‌ಗೆ 3 ಮೈಕ್ರಾನ್ ಸವೆದರೆ, ಅದು 30 ಮೈಕ್ರಾನಿಗೆ ಇಳಿಯುವುದು ಎಷ್ಟು ಪಾಲಿಷ್‌ಗಳ ನಂತರ?
೪. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಈ ಗಾದೆಯನ್ನು ಹಳೆಯ ಕಾರಿನ ಉದಾಹರಣೆಯೊಂದಿಗೆ ಹತ್ತು ವಾಕ್ಯಗಳಲ್ಲಿ ವಿಸ್ತರಿಸಿ.
೫. ನಿಮ್ಮ ಅಜ್ಜ ಅಜ್ಜಿಗೆ ಫೋನು ಮಾಡಿ, ಅವರ ಕಾಲದಲ್ಲಿ ಎತ್ತಿನ ಗಾಡಿ, ಸೈಕಲ್ಲು, ಕಿಟಕಿ ಸರಳುಗಳನ್ನು ತುಕ್ಕು ಮತ್ತು ಗೆದ್ದಲಿನಿಂದ ಹೇಗೆ ಕಾಪಾಡುತ್ತಿದ್ದರು ಎಂದು ಕೇಳಿ. ಅವರು ಹೇಳಿದ ಹೊಸ ಪದಗಳಲ್ಲಿ ಐದನ್ನು ಬರೆದು ತರಗತಿಗೆ ತನ್ನಿ. ಆ ಪದಗಳಿಗೂ ತುಕ್ಕು ಹಿಡಿಯದಿರಲಿ.